ಹಳೆ ಟ್ರ್ಯಾಕ್ಟರನ್ನು 6 ವೋಲ್ಟ್‌ನಿಂದ 12 ವೋಲ್ಟ್‌ಗೆ ತರುವುದು ಹೇಗೆ?

ಕಾರಟಗಿ ಹತ್ತಿರದ ನಮ್ಮ ಹೊಲದ ಮನೆಯ ಕೊಟ್ಟಿಗೆಯಲ್ಲಿ ಬೂದು ಬಣ್ಣದ ಒಂದು ಫರ್ಗ್ಯೂಸನ್ ಇದೆ. ಪೆಟ್ರೋಲ್ ಎಂಜಿನ್. ಗದ್ದೆ ಕೆಲಸಕ್ಕೆ ಈಗ ಅದನ್ನು ಯಾರೂ ಕೇಳುವುದಿಲ್ಲ. ಆಯುಧ ಪೂಜೆಗೆ ತೊಳೆದು ಹೊರಗೆ ತರುತ್ತೇವೆ, ಆಗಾಗ ಗೊಬ್ಬರದ ಸಣ್ಣ ಟ್ರೇಲರ್ ಕಟ್ಟುತ್ತೇವೆ, ಅಷ್ಟೇ. ಅದರ ಸೆಲ್ಫ್ (ಎಂಜಿನ್ ಎಬ್ಬಿಸುವ ಸ್ಟಾರ್ಟರ್ ಮೋಟರ್) ಎರಡು ಸುತ್ತು ತಿರುಗಿ ನರಳುತ್ತಿತ್ತು. ಹೆಡ್‌ಲೈಟ್ ಹಾಕಿದರೆ ಚಿಮಣಿ ಬುಡ್ಡಿ ಹಚ್ಚಿದ ಹಾಗೆ. 6 ವೋಲ್ಟ್‌ನ ದೊಡ್ಡ ಬ್ಯಾಟರಿ ಹುಡುಕಿಕೊಂಡು ಗಂಗಾವತಿ, ಸಿಂಧನೂರು ಎರಡೂ ಸುತ್ತಿದೆ, ಸಿಗಲಿಲ್ಲ. ಕಾಕಾ ಕಟ್ಟೆ ಮೇಲೆ ಕೂತು, "12ರದ್ದು ಒಂದು ಇಟ್ಟುಬಿಡಪಾ, ಮುಗೀತಲ್ಲ" ಅಂದರು.

ಅಲ್ಲಿಗೆ ಮುಗಿಯುವುದಿಲ್ಲ. ಬ್ಯಾಟರಿ ಬದಲಾಯಿಸುವುದು ಹತ್ತು ನಿಮಿಷದ ಕೆಲಸ. ಆ ಬ್ಯಾಟರಿಗೆ ಹೊಂದುವಂತೆ ಉಳಿದದ್ದನ್ನೆಲ್ಲ ಬದಲಾಯಿಸಲು ನನಗೆ ಎರಡು ದಿನ ಹಿಡಿಯಿತು. ನಡುವೆ ಒಂದು ತಪ್ಪನ್ನೂ ಮಾಡಿದೆ.

ಮೊದಲು ನಿಮ್ಮ ಗಾಡಿ ಎಷ್ಟು ವೋಲ್ಟ್ ಅಂತ ನೋಡಿ

ಹೆಸರು ನೋಡಿ ತೀರ್ಮಾನ ಮಾಡಬೇಡಿ. ಹಳೆ ಫರ್ಗ್ಯೂಸನ್‌ಗಳಲ್ಲೇ ಕೆಲವು 6 ವೋಲ್ಟ್, ಕೆಲವು 12. ಅಮೆರಿಕದ ಫೋರ್ಡ್ 8ಎನ್ ಮತ್ತು ಫಾರ್ಮಾಲ್ ಎಚ್, ಎಂ ಕಾರ್ಖಾನೆಯಿಂದ ಬಂದದ್ದೇ 6 ವೋಲ್ಟ್‌ನಲ್ಲಿ. ಅದೂ ಬ್ಯಾಟರಿಯ ಪ್ಲಸ್ ಅನ್ನು ಗಾಡಿಯ ಕಬ್ಬಿಣದ ಬಾಡಿಗೆ, ಅಂದರೆ ಅರ್ತ್‌ಗೆ, ಕಟ್ಟಿ. ನಮ್ಮ ಕಡೆ ಹೆಚ್ಚಾಗಿ ಕಾಣುವ ಹಳೆ ಡೀಸೆಲ್ ಟ್ರ್ಯಾಕ್ಟರ್‌ಗಳು ಬಹುತೇಕ 12 ವೋಲ್ಟೇ. ಅವುಗಳಲ್ಲಿ ಕೆಲವಕ್ಕೆ 6 ವೋಲ್ಟ್‌ನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಒಂದು ಬ್ಯಾಟರಿ ಮಾತ್ರ ನೋಡಿ ಗಾಡಿ 6 ವೋಲ್ಟ್ ಅಂದುಕೊಂಡರೆ ಮೋಸ ಹೋಗುತ್ತೀರಿ.

ಬ್ಯಾಟರಿಯ ಮುಚ್ಚಳ ಎಣಿಸಿ. ಮೂರಿದ್ದರೆ 6 ವೋಲ್ಟ್, ಆರಿದ್ದರೆ 12. ಒಂದೊಂದು ಸೆಲ್ ಸುಮಾರು 2.1 ವೋಲ್ಟ್ ಕೊಡುತ್ತದೆ. ಆಮೇಲೆ ಬಾಡಿಗೆ ಹೋಗುವ ದಪ್ಪ ಕೇಬಲ್ ಯಾವ ಕಂಬದಿಂದ ಹೊರಟಿದೆ ನೋಡಿ. ಪ್ಲಸ್‌ನಿಂದ ಹೊರಟಿದ್ದರೆ ಅದು ಪ್ಲಸ್ ಅರ್ತ್ ಗಾಡಿ. ಈ ಒಂದು ವಿಷಯ ಕೊನೆಯವರೆಗೂ ತಲೆಯಲ್ಲಿರಲಿ.

ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಹಳೆ ಯಂತ್ರ) ಇರುವ 12 ವೋಲ್ಟ್ ಡೀಸೆಲ್ ಗಾಡಿ ನಿಮ್ಮದಾದರೆ ಈ ಬರಹದಲ್ಲಿ ಆಲ್ಟರ್ನೇಟರ್ (ಡೈನಮೋ ಜಾಗಕ್ಕೆ ಬರುವ ಹೊಸ ಬಗೆಯದು) ಮತ್ತು ಅರ್ತ್ ಬಗ್ಗೆ ಬರೆದದ್ದಷ್ಟೇ ಸಾಕು. ಬಲ್ಬು, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಗೋಜು ನಿಮಗಿಲ್ಲ.

ನಿಜವಾಗಿ ಬೇಕಾ?

6 ವೋಲ್ಟ್ ಅನ್ನುವುದೇ ಒಂದು ರೋಗ ಅಂತ ಅನೇಕರು ತಿಳಿದಿದ್ದಾರೆ. ಹೊಸದಿದ್ದಾಗ ಆ ಗಾಡಿಗಳು ಅದರಲ್ಲೇ ಚೆನ್ನಾಗಿ ಸ್ಟಾರ್ಟ್ ಆಗುತ್ತಿದ್ದವು. ತೊಂದರೆ ಎಲ್ಲಿ ಅಂದರೆ, ಕಡಿಮೆ ವೋಲ್ಟ್ ಇದ್ದಾಗ ಅದೇ ಕೆಲಸಕ್ಕೆ ಕರೆಂಟ್ ಎರಡು ಪಟ್ಟು ಹರಿಯಬೇಕು. 35 ವ್ಯಾಟ್‌ನ ಒಂದು ಬಲ್ಬು 6 ವೋಲ್ಟ್‌ನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ, 12ರಲ್ಲಿ 3 ಸಾಕು. ಕರೆಂಟ್ ಅರ್ಧವಾದರೆ ಅದೇ ವೈರಿನಲ್ಲಿ ಬಿಸಿಯಾಗಿ ಹೋಗುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ತುಕ್ಕು ಹಿಡಿದ ಒಂದು ಬೋಲ್ಟು 12 ವೋಲ್ಟ್ ಗಾಡಿಗೆ ಅಷ್ಟಾಗಿ ಕಾಡುವುದಿಲ್ಲ, 6 ವೋಲ್ಟ್ ಗಾಡಿಯನ್ನು ಮಲಗಿಸಿಬಿಡುತ್ತದೆ.

ಆದ್ದರಿಂದ ಖರ್ಚಿಗೆ ಮೊದಲು ಒಂದು ಪರೀಕ್ಷೆ ಮಾಡಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಒಂದು ತುದಿಯನ್ನು ಬ್ಯಾಟರಿಯ ಅರ್ತ್ ಕಂಬದ ಮೇಲೆ ಒತ್ತಿ. ಕೇಬಲ್ ತುದಿಯ ಲಗ್ಗಿನ ಮೇಲಲ್ಲ, ಸೀಸದ ಕಂಬದ ಮೇಲೇ. ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿ ಕಬ್ಬಿಣಕ್ಕೆ ಒತ್ತಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಮೀಟರ್ 0.3 ವೋಲ್ಟ್ ಒಳಗೆ ತೋರಿಸಿದರೆ ಅರ್ತ್ ಸರಿ ಇದೆ. ನಮ್ಮ ಗಾಡಿ 0.9 ತೋರಿಸಿತು. ಇರುವುದೇ 6, ಅದರಲ್ಲಿ ಹೆಚ್ಚುಕಡಿಮೆ ಒಂದು ವೋಲ್ಟ್ ದಾರಿಯಲ್ಲೇ ಖಾಲಿ!

ಆ ಬೋಲ್ಟ್ ಬಿಚ್ಚಿದರೆ ಕೆಳಗೆ ಮೂರು ಪದರ. ಮೇಲೆ ಯಾರೋ ಬ್ರಷ್‌ನಿಂದ ಬಳಿದ ಬೂದು ಬಣ್ಣ, ಅದರ ಕೆಳಗೆ ಒಣಗಿ ಕಲ್ಲಾದ ಎರೆ ಮಣ್ಣು, ಅದರ ಕೆಳಗೆ ಚಹಾಪುಡಿಯಂತೆ ಉದುರುವ ತುಕ್ಕು. ಕಾಲುವೆ ನೀರಿನ ಗದ್ದೆ, ಕೆಸರು, ಬೇಸಿಗೆಯ ಸುಡು ಬಿಸಿಲು ಎಲ್ಲ ಸೇರಿದರೆ ನಮ್ಮ ಕಡೆ ಗಾಡಿಗಳ ಅರ್ತ್ ಹೀಗೇ ಆಗುವುದು. ಎಮರಿ ಕಾಗದದಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿದೆ, ಹೊಸ ಲಗ್ ಹಾಕಿದೆ. ಸೆಲ್ಫ್ ಅರ್ಧ ಸುಧಾರಿಸಿತು! ನಿಮಗೆ 6 ವೋಲ್ಟ್ ಬ್ಯಾಟರಿ ಸಿಗುತ್ತದೆ, ರಾತ್ರಿ ಗಾಡಿ ಓಡಿಸುವುದಿಲ್ಲ ಅಂದರೆ ಇಲ್ಲಿಗೇ ನಿಲ್ಲಿಸಿ. ನನ್ನ ಮಾತು ಕೇಳಿ, ದುಡ್ಡು ಉಳಿಯುತ್ತದೆ. ನನಗೆ ಬ್ಯಾಟರಿಯೇ ಸಿಗದ್ದರಿಂದ ಮುಂದೆ ಹೋದೆ.

ಏನೇನು ತರಬೇಕು

12 ವೋಲ್ಟ್ ಬ್ಯಾಟರಿ. ಸಣ್ಣ ಪೆಟ್ರೋಲ್ ಎಂಜಿನ್‌ಗೆ 50ರಿಂದ 60 ಆಂಪಿಯರ್ ಅವರ್ ಸಾಕು. ಕೊಳ್ಳುವ ಮೊದಲು ಹಳೆ ಬ್ಯಾಟರಿ ತಟ್ಟೆಯ ಉದ್ದ, ಅಗಲ, ಎತ್ತರ ಅಳೆದುಕೊಂಡು ಹೋಗಿ. ಟ್ರ್ಯಾಕ್ಟರ್‌ಗೆ ಬರುವ 12 ವೋಲ್ಟ್, 36 ಆಂಪಿಯರ್‌ನ ಆಲ್ಟರ್ನೇಟರ್, ಒಳಗೇ ರೆಗ್ಯುಲೇಟರ್ (ವೋಲ್ಟ್ ಮಿತಿಯಲ್ಲಿಡುವ ಭಾಗ) ಇರುವಂಥದ್ದು. ಇದು ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. 12 ವೋಲ್ಟ್‌ನ ಇಗ್ನಿಷನ್ ಕಾಯಿಲ್, ಎಲ್ಲಾ ಬಲ್ಬುಗಳು, ಹಾರನ್, ಚಾರ್ಜಿಂಗ್ ದೀಪಕ್ಕೆ ಹೋಲ್ಡರ್ ಸಮೇತ 2 ಅಥವಾ 3 ವ್ಯಾಟ್‌ನ ಸಣ್ಣ ಬಲ್ಬು, ಫ್ಯೂಸ್ ಬಾಕ್ಸ್, ವೈರು, ಲಗ್ಗುಗಳು.

ವೈರಿನಲ್ಲಿ ಜಿಪುಣತನ ಬೇಡ. ಆಲ್ಟರ್ನೇಟರ್‌ನಿಂದ ಬರುವ ಮುಖ್ಯ ವೈರ್ 6 ಚದರ ಮಿಮೀ, ಹೆಡ್‌ಲೈಟ್‌ಗೆ 2.5, ಕಾಯಿಲ್ ಮತ್ತು ಸಣ್ಣ ದೀಪಗಳಿಗೆ 1.5. 6 ವೋಲ್ಟ್ ಗಾಡಿಯ ಹಳೆ ಬ್ಯಾಟರಿ ಕೇಬಲ್ ದಪ್ಪಗಿರುತ್ತದೆ. ಒಳಗಿನ ತಾಮ್ರ ಹಸಿರಾಗಿಲ್ಲದಿದ್ದರೆ ಅದನ್ನೇ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವ ತೆಳ್ಳನೆಯ ರೆಡಿಮೇಡ್ ಕೇಬಲ್‌ಗಿಂತ ಎಷ್ಟೋ ಪಾಲು ವಾಸಿ.

ಬಿಚ್ಚುವುದು

ಕೈಯಲ್ಲಿನ ಉಂಗುರ, ಕಡಗ ತೆಗೆದಿಡಿ. ಬ್ಯಾಟರಿ ಹತ್ತಿರ ಬೀಡಿ ಬೇಡ, ಚಾರ್ಜ್ ಆಗುವಾಗ ಅದರಿಂದ ಹೊರಡುವ ಗ್ಯಾಸ್ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಗಾಡಿಯಾದರೆ ಟ್ಯಾಂಕಿನ ಕಾಕ್ ಮುಚ್ಚಿ. ಬ್ಯಾಟರಿ ಬಿಚ್ಚುವಾಗ ಯಾವತ್ತೂ ಅರ್ತ್ ಕೇಬಲ್ ಮೊದಲು. "ಮೈನಸ್ ಮೊದಲು ಬಿಚ್ಚು" ಅನ್ನುವುದು ಬಾಯಿಪಾಠ ಆಗಿದೆ, ಆದರೆ ಈ ಗಾಡಿಯಲ್ಲಿ ಅರ್ತ್ ಇರುವುದು ಪ್ಲಸ್. ಮೈನಸ್ ಮೊದಲು ಬಿಚ್ಚಲು ಹೋಗಿ ಪಾನಾ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ, ಪಾನಾ ಅಲ್ಲೇ ವೆಲ್ಡ್ ಆಗಿ ಕೂರುತ್ತದೆ.

ಏನನ್ನು ಮುಟ್ಟುವ ಮೊದಲೂ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಪ್ರತಿ ವೈರಿಗೆ ಬಿಳಿ ಟೇಪ್ ಸುತ್ತಿ ಪೆನ್ನಿನಲ್ಲಿ ಬರೆಯಿರಿ. ಡೈನಮೋ, ಅದರ ಕಟೌಟ್ (ಚಾರ್ಜ್ ನಿಯಂತ್ರಿಸುವ ಡಬ್ಬಿ), ಅವೆರಡರ ನಡುವಿನ ವೈರುಗಳು ಪೂರ್ತಿ ಹೊರಗೆ. ಆಲ್ಟರ್ನೇಟರ್ ಒಳಗೇ ರೆಗ್ಯುಲೇಟರ್ ಇರುವುದರಿಂದ ಹಳೆ ಕಟೌಟ್‌ಗೆ ಕೆಲಸವಿಲ್ಲ. ಅಂದಕ್ಕಾಗಿ ಅದರ ಡಬ್ಬಿ ಉಳಿಸಿಕೊಳ್ಳುವುದಾದರೆ ಒಂದು ವೈರನ್ನೂ ಅದಕ್ಕೆ ಕೊಡಬೇಡಿ.

ನಮ್ಮ ಗಾಡಿಯ ಡ್ಯಾಶ್ ಹಿಂದೆ ಇಲಿ ಗೂಡು ಕಟ್ಟಿತ್ತು. ಭತ್ತದ ಹೊಟ್ಟು, ಗೋಣಿ ನಾರು, ನಡುವೆ ಬರಿ ತಾಮ್ರ ಕಾಣುವ ಎರಡು ವೈರು. ಕೊಟ್ಟಿಗೆಯಲ್ಲಿ ನಿಂತ ಗಾಡಿಯಾದರೆ ಹಳೆ ವೈರಿಂಗ್ ಒಂದನ್ನೂ ನಂಬಬೇಡಿ.

ಆಲ್ಟರ್ನೇಟರ್ ಕೂರಿಸುವುದು

ಹೆಚ್ಚು ಹೊತ್ತು ತಿನ್ನುವ ಕೆಲಸ ಇದೇ. ಡೈನಮೋ ಉದ್ದನೆ ಕೊಳವೆಯ ಹಾಗೆ, ಆಲ್ಟರ್ನೇಟರ್ ಗಿಡ್ಡ, ದಪ್ಪ. ಹಳೆ ಬ್ರಾಕೆಟ್‌ಗೆ ನೇರವಾಗಿ ಕೂರುವುದಿಲ್ಲ. ಲೇತ್‌ನವರ ಹತ್ತಿರ 8 ಮಿಮೀ ಪ್ಲೇಟಿನಲ್ಲಿ ಬ್ರಾಕೆಟ್ ಮಾಡಿಸಿ. ತೆಳು ಪಟ್ಟಿಯಲ್ಲಿ ಮಾಡಿಸಿದರೆ ಎಂಜಿನ್ ನಡುಕಕ್ಕೆ ಸ್ವಲ್ಪ ದಿನದಲ್ಲೇ ಬಿರುಕು ಬಿಡುತ್ತದೆ.

ಕ್ರ್ಯಾಂಕ್ ಪುಲ್ಲಿ, ಫ್ಯಾನ್ ಪುಲ್ಲಿ, ಆಲ್ಟರ್ನೇಟರ್ ಪುಲ್ಲಿ ಮೂರೂ ಒಂದೇ ಗೆರೆಯಲ್ಲಿರಬೇಕು. ಕ್ರ್ಯಾಂಕ್ ಪುಲ್ಲಿಯ ಅಂಚಿಗೆ ದಾರ ಹಿಡಿದು ಎಳೆದು ನೋಡಿ. ದಾರ ಎಲ್ಲೂ ಮುರಿದಂತೆ ಕಾಣಬಾರದು. ಹೊಂದದಿದ್ದರೆ ವಾಷರ್ ಹಾಕಿ ಹಿಂದೆ ಮುಂದೆ ಸರಿಸಿ. ಹಳೆ ಬೆಲ್ಟಿನ ಅಗಲಕ್ಕೂ ಹೊಸ ಪುಲ್ಲಿಯ ಕಚ್ಚಿಗೂ ತಾಳೆ ಇದೆಯೇ ನೋಡಿ. ಬೆಲ್ಟ್ ಕಚ್ಚಿನ ತಳಕ್ಕೆ ತಾಗಿ ಕೂತರೆ ಜಾರುತ್ತದೆ.

ಹಳೆ ಎಂಜಿನ್‌ಗಳು ತುಂಬ ನಿಧಾನವಾಗಿ ಓಡುತ್ತವೆ. ಆಲ್ಟರ್ನೇಟರ್‌ಗೆ ಚಾರ್ಜ್ ಶುರು ಮಾಡಲು ಒಳ್ಳೆ ವೇಗ ಬೇಕು. ಹಾಗಾಗಿ ಅದರ ಪುಲ್ಲಿ ಚಿಕ್ಕದಿರಬೇಕು. ಕ್ರ್ಯಾಂಕ್ ಪುಲ್ಲಿ ಒಂದು ಸುತ್ತು ತಿರುಗಿದರೆ ಇದು ಎರಡರಿಂದ ಮೂರು ಸುತ್ತು ತಿರುಗುವಷ್ಟು. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ 10ರಿಂದ 12 ಮಿಮೀ ಬಗ್ಗಬೇಕು. ವೀಣೆ ತಂತಿಯ ಹಾಗೆ ಬಿಗಿದರೆ ಬೇರಿಂಗ್ ಹೋಗುತ್ತದೆ.

ಅರ್ತ್ ತಿರುಗಿಸುವುದು, ವೈರಿಂಗ್

ಆಲ್ಟರ್ನೇಟರ್ ಬೇಡುವುದು ಮೈನಸ್ ಅರ್ತ್. ಪ್ಲಸ್ ಬಾಡಿಗೆ ಇದ್ದಾಗ ಕೊಟ್ಟರೆ ಒಳಗಿನ ಡಯೋಡ್‌ಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗಗಳು) ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಎಂಜಿನ್ ಓಡುವುದೂ ಬೇಕಿಲ್ಲ, ಬ್ಯಾಟರಿ ತಾಗಿಸಿದರೆ ಸಾಕು. ಆದ್ದರಿಂದ ಬ್ಯಾಟರಿಯನ್ನು ಕಟ್ಟಕಡೆಗೆ ಇಡಿ. ಹೊಸ ಬ್ಯಾಟರಿಯ ಮೈನಸ್ ಬಾಡಿಗೆ, ಪ್ಲಸ್ ಸೆಲ್ಫ್ ಸ್ವಿಚ್ಚಿಗೆ.

ಆಮ್‌ಮೀಟರ್ ವೋಲ್ಟ್ ನೋಡುವುದಿಲ್ಲ, ಕರೆಂಟ್ ನೋಡುತ್ತದೆ. ಹಳೆಯದೇ ನಡೆಯುತ್ತದೆ. ಆದರೆ ಅರ್ತ್ ತಿರುಗಿದ್ದರಿಂದ ಮುಳ್ಳು ಉಲ್ಟಾ ಹೋಗುತ್ತದೆ, ಚಾರ್ಜ್ ಆಗುವಾಗ ಡಿಸ್ಚಾರ್ಜ್ ತೋರಿಸುತ್ತದೆ. ಹಿಂದಿನ ಎರಡು ವೈರ್ ಅದಲು ಬದಲು ಮಾಡಿ, ಸರಿಹೋಗುತ್ತದೆ. 20 ಆಂಪಿಯರ್‌ವರೆಗೆ ಮಾತ್ರ ಗುರುತಿರುವ ಮೀಟರ್ ಆದರೆ 36 ಆಂಪಿಯರ್ ಆಲ್ಟರ್ನೇಟರ್‌ಗೆ ಅದು ಚಿಕ್ಕದು. ದೊಡ್ಡದು ಹಾಕಿ. ನನ್ನನ್ನು ಕೇಳಿದರೆ ಅದರ ಬದಲು ವೋಲ್ಟ್‌ಮೀಟರ್ ಒಳ್ಳೆಯದು.

ಬ್ಯಾಟರಿಯ ಪ್ಲಸ್‌ನಿಂದ ಬಂದ ವೈರ್ ಆಮ್‌ಮೀಟರಿನ ಒಂದು ತುದಿಗೆ. ಇನ್ನೊಂದು ತುದಿಯಿಂದ ಮೂರು ದಾರಿ: ಆಲ್ಟರ್ನೇಟರಿನಿಂದ ಕರೆಂಟ್ ಹೊರಬರುವ ಬಿ ಪ್ಲಸ್ ಬೋಲ್ಟಿಗೆ, ಇಗ್ನಿಷನ್ ಸ್ವಿಚ್ಚಿಗೆ, ಫ್ಯೂಸ್ ಬಾಕ್ಸಿನ ಮೂಲಕ ಲೈಟು, ಹಾರನ್‌ಗೆ. ಹೆಡ್‌ಲೈಟ್‌ಗೆ 15 ಆಂಪಿಯರ್ ಫ್ಯೂಸ್, ಹಾರನ್‌ಗೆ 10. ಸೆಲ್ಫಿಗೆ ಹೋಗುವ ದಪ್ಪ ಕೇಬಲ್ ಮಾತ್ರ ಆಮ್‌ಮೀಟರ್ ಮುಟ್ಟದೆ ನೇರ ಹೋಗಬೇಕು.

ನಾನು ತಪ್ಪಿದ್ದು ಮುಂದಿನ ವೈರಿನಲ್ಲಿ. ಆಲ್ಟರ್ನೇಟರಿನ ಹಿಂದೆ ಡಿ ಪ್ಲಸ್ ಅಂತ ಒಂದು ಸಣ್ಣ ಟರ್ಮಿನಲ್ ಇರುತ್ತದೆ. ಇಗ್ನಿಷನ್ ಸ್ವಿಚ್ಚಿನಿಂದ ಚಾರ್ಜಿಂಗ್ ದೀಪದ ಮೂಲಕ ಅದಕ್ಕೆ ಕರೆಂಟ್ ಹೋಗಬೇಕು. ದೀಪ ಸುಮ್ನೆ ಅಲಂಕಾರಕ್ಕೆ ಅಂದುಕೊಂಡು ನಾನು ನೇರವಾಗಿ ಕೊಟ್ಟೆ. ಗಾಡಿ ಸ್ಟಾರ್ಟ್ ಆಯಿತು, ಚಾರ್ಜೂ ಆಯಿತು. ಖುಷಿಯಿಂದ ಕೀ ಆಫ್ ಮಾಡಿದೆ. ಎಂಜಿನ್ ನಿಲ್ಲಲಿಲ್ಲ! ಕೀ ತೆಗೆದು ಕೈಯಲ್ಲಿ ಹಿಡಿದುಕೊಂಡರೂ ಟುಕುಟುಕು ಅಂತ ಓಡುತ್ತಲೇ ಇದೆ. ಕಾಕಾ ಎದ್ದು ಬಂದು ಟಾಪ್ ಗೇರ್‌ಗೆ ಹಾಕಿ, ಬ್ರೇಕ್ ಒತ್ತಿ, ಕ್ಲಚ್ ಬಿಟ್ಟು ಬಂದ್ ಮಾಡಿದರು. "ದೆವ್ವ ಹೊಕ್ಕೈತೇನಪಾ" ಅಂದರು.

ದೆವ್ವವಲ್ಲ. ಆಲ್ಟರ್ನೇಟರ್ ಓಡುವಾಗ ಡಿ ಪ್ಲಸ್‌ನಲ್ಲೂ ಹತ್ತಿರ ಹತ್ತಿರ 14 ವೋಲ್ಟ್ ಹುಟ್ಟುತ್ತದೆ. ಕೀ ಆಫ್ ಆದರೂ ಅದು ವೈರಿನಲ್ಲಿ ವಾಪಸ್ ಹರಿದು ಕಾಯಿಲ್‌ಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ನಡುವೆ ಸಣ್ಣ ಬಲ್ಬಿದ್ದರೆ ಅಷ್ಟು ಕರೆಂಟ್ ದಾಟುವುದಿಲ್ಲ, ಎಂಜಿನ್ ನಿಲ್ಲುತ್ತದೆ. ಬಲ್ಬು ಎಳೆ ಇರುವ ಹಳೆ ಬಗೆಯದೇ ಇರಲಿ. ಎಲ್‌ಇಡಿ ಹಾಕಿದರೆ ಆಲ್ಟರ್ನೇಟರ್ ಎಬ್ಬಿಸುವಷ್ಟು ಕರೆಂಟ್ ಹೋಗದೆ ಚಾರ್ಜೇ ಶುರುವಾಗದಿರಬಹುದು. ಡೀಸೆಲ್ ಗಾಡಿಯವರಿಗೆ ಈ ತಾಪತ್ರಯ ಇಲ್ಲ, ಅಲ್ಲಿ ಕಾಯಿಲ್ಲೇ ಇಲ್ಲವಲ್ಲ.

ಕಾಯಿಲ್

6 ವೋಲ್ಟ್ ಕಾಯಿಲ್‌ನ ಪ್ರೈಮರಿ (ಬ್ಯಾಟರಿ ಕರೆಂಟ್ ಹರಿಯುವ ಒಳಸುತ್ತು) ಸುಮಾರು 1.5 ಓಮ್ ಇರುತ್ತದೆ. ಅದಕ್ಕೆ 14 ವೋಲ್ಟ್ ಕೊಟ್ಟರೆ 9 ಆಂಪಿಯರ್ ಹರಿದು ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಸುಡುತ್ತದೆ, ಕಾಯಿಲ್ ಕೈ ಇಡಲಾಗದಷ್ಟು ಕಾಯುತ್ತದೆ. ಎರಡು ದಾರಿ ಇವೆ. 3 ಓಮ್‌ನ 12 ವೋಲ್ಟ್ ಕಾಯಿಲ್ ಹಾಕಿ. ಇಲ್ಲವಾದರೆ ಹಳೆ ಕಾಯಿಲ್‌ಗೆ ಸಾಲಾಗಿ ಕರೆಂಟ್ ತಗ್ಗಿಸುವ 1.5 ಓಮ್‌ನ ಬ್ಯಾಲಸ್ಟ್ ರೆಸಿಸ್ಟರ್ ಕೊಡಿ. ಮೊದಲನೆಯದೇ ವಾಸಿ. 12 ವೋಲ್ಟ್ ಅಂತ ಬರೆದಿದ್ದರೂ ಕೆಲವು ಕಾಯಿಲ್‌ಗಳು ಹೊರಗೆ ರೆಸಿಸ್ಟರ್ ಕೇಳುತ್ತವೆ. ಅಂಗಡಿಯಲ್ಲೇ ಪ್ಲಸ್, ಮೈನಸ್ ನಡುವೆ ಮೀಟರ್ ಹಿಡಿದು ಓಮ್ ನೋಡಿ, ಆಮೇಲೆ ದುಡ್ಡು ಕೊಡಿ.

ಪ್ಲಸ್ ಅರ್ತ್ ಗಾಡಿಯಲ್ಲಿ ಕಾಯಿಲ್‌ನ ಪ್ಲಸ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ವೈರ್ ಹೋಗಿರುತ್ತದೆ. ಈಗ ಅದು ತಿರುಗಬೇಕು: ಸ್ವಿಚ್ಚಿನಿಂದ ಪ್ಲಸ್‌ಗೆ, ಮೈನಸ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ. ಉಲ್ಟಾ ಇದ್ದರೂ ಗಾಡಿ ಓಡುತ್ತದೆ, ಆದರೆ ಕಿಡಿ ಸಪ್ಪೆಯಾಗಿ, ಲೋಡ್ ಬಿದ್ದಾಗ ಮಿಸ್ ಹೊಡೆಯುತ್ತದೆ. ಪಾಯಿಂಟ್, ಕಂಡೆನ್ಸರ್, ಪ್ಲಗ್ ಹಳೆಯವೇ ಆಗುತ್ತವೆ. ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಇರುವ ಎಂಜಿನ್ ಆದರೆ ಇದ್ಯಾವುದನ್ನೂ ಮುಟ್ಟಬೇಡಿ, ಅದಕ್ಕೆ ಬ್ಯಾಟರಿಯ ಹಂಗೇ ಇಲ್ಲ.

ಸೆಲ್ಫ್

ಇದನ್ನು ಬದಲಾಯಿಸಬೇಕಿಲ್ಲ ಅಂದರೆ ಎಲ್ಲರೂ ಅನುಮಾನದಿಂದ ನೋಡುತ್ತಾರೆ. 6 ವೋಲ್ಟ್ ಸೆಲ್ಫ್ 12 ವೋಲ್ಟ್‌ನಲ್ಲಿ ಜೋರಾಗಿ ತಿರುಗುತ್ತದೆ, ಅಷ್ಟೇ. ಅರ್ತ್ ಬದಲಾದರೂ ಉಲ್ಟಾ ತಿರುಗುವುದಿಲ್ಲ. ಒಳಗಿನ ಫೀಲ್ಡ್, ಆರ್ಮೇಚರ್ ಎರಡರಲ್ಲೂ ಕರೆಂಟ್ ಒಟ್ಟಿಗೇ ದಿಕ್ಕು ಬದಲಿಸುವುದರಿಂದ ಸುತ್ತು ಅದೇ ಕಡೆಗೆ. ಆದರೆ ಸೆಲ್ಫಿನ ತುದಿಯ ಗೇರಿನ (ಬೆಂಡಿಕ್ಸ್) ಹಲ್ಲು ಫ್ಲೈವೀಲಿಗೆ ಬಡಿಯುವ ಏಟು ಜಾಸ್ತಿ. ಒಂದೊಂದು ಸಲಕ್ಕೆ ಐದಾರು ಸೆಕೆಂಡ್ ಮೀರಬೇಡಿ. ಎಂಜಿನ್ ತಿರುಗುತ್ತಿರುವಾಗ ಬಟನ್ ಮುಟ್ಟಬೇಡಿ.

ಕಾಲಿನಲ್ಲೋ ಕೈಯಲ್ಲೋ ಒತ್ತುವ ಸ್ವಿಚ್ ಇದ್ದರೆ ಹಾಗೇ ಇರಲಿ. ಸೊಲೆನಾಯ್ಡ್ (ಬಟನ್ ಒತ್ತಿದಾಗ ಸೆಲ್ಫಿಗೆ ಕರೆಂಟ್ ಬಿಡುವ ಸ್ವಿಚ್) ಇದ್ದರೆ 12 ವೋಲ್ಟಿನದು ಹಾಕಿ. ಫೋರ್ಡ್ 8ಎನ್‌ನಲ್ಲಿ ಒಂದು ತಿರುವು ಇದೆ. ಅದರ ಸ್ಟಾರ್ಟ್ ಬಟನ್ ಸೊಲೆನಾಯ್ಡ್‌ಗೆ ಅರ್ತ್ ಕೊಡುತ್ತದೆ, ಪ್ಲಸ್ ಅಲ್ಲ. ಅದೇ ಬಗೆಯ ಸೊಲೆನಾಯ್ಡ್ ತರದಿದ್ದರೆ ಬಟನ್ ಕೆಲಸ ಮಾಡುವುದಿಲ್ಲ.

ಬಲ್ಬು, ಹಾರನ್ ಬಗ್ಗೆ ಹೇಳಲು ಹೆಚ್ಚಿಲ್ಲ. ಒಂದನ್ನೂ ಮರೆಯಬೇಡಿ, ಟ್ರೇಲರ್ ಹಿಂದಿನ ದೀಪ ಸೇರಿ. ಸಣ್ಣ ಕೊಳವೆಯಲ್ಲಿ ಎಣ್ಣೆ ಬರುವ ಆಯಿಲ್ ಮೀಟರ್‌ಗೆ ವೋಲ್ಟ್ ಲೆಕ್ಕವಿಲ್ಲ. ಕರೆಂಟಿನ ಫ್ಯುಯೆಲ್ ಗೇಜ್ ಇದ್ದರೆ ಮಾತ್ರ ಅದಕ್ಕೆ 12ರಿಂದ 6ಕ್ಕೆ ಇಳಿಸುವ ರೆಡ್ಯೂಸರ್ ಬೇಕು.

ಮೊದಲ ಸಲ ಬ್ಯಾಟರಿ ಕೊಡುವಾಗ

ಪ್ಲಸ್ ಮೊದಲು ಬಿಗಿ ಮಾಡಿ. ಮೈನಸ್ ಕೇಬಲ್ ನೇರ ಕೊಡಬೇಡಿ. ಎಲ್ಲಾ ಸ್ವಿಚ್ ಆಫ್ ಇಟ್ಟು, ಬ್ಯಾಟರಿಯ ಮೈನಸ್ ಕಂಬಕ್ಕೂ ಮೈನಸ್ ಕೇಬಲ್‌ಗೂ ನಡುವೆ 12 ವೋಲ್ಟ್‌ನ ಹೆಡ್‌ಲೈಟ್ ಬಲ್ಬು ಹಿಡಿಯಿರಿ. ಬಲ್ಬು ಹತ್ತಬಾರದು. ಹತ್ತಿದರೆ ಎಲ್ಲೋ ಶಾರ್ಟ್ ಇದೆ, ಇಲ್ಲವೇ ಬ್ಯಾಟರಿ ಉಲ್ಟಾ ಇದೆ. ನಡುವೆ ಬಲ್ಬು ಇರುವುದರಿಂದ ಏನೂ ಸುಡುವುದಿಲ್ಲ, ಹುಡುಕಿ ಸರಿಮಾಡಿ. ಹತ್ತದಿದ್ದರೆ ಕೇಬಲ್ ಬಿಗಿ ಮಾಡಿ.

ಕೀ ಆನ್ ಮಾಡಿದರೆ ಚಾರ್ಜಿಂಗ್ ದೀಪ ಹತ್ತಬೇಕು. ಸ್ಟಾರ್ಟ್ ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಆರಬೇಕು. ಎಂಜಿನ್ ನಿಂತಾಗ ಒಳ್ಳೆ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, ಓಡುವಾಗ 13.8ರಿಂದ 14.4. ಹೆಡ್‌ಲೈಟ್ ಹಾಕಿದರೂ 13.5ಕ್ಕಿಂತ ಕೆಳಗೆ ಬರದಿದ್ದರೆ ಕೆಲಸ ಸರಿ ಆಗಿದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಕೂಡಲೇ ನಿಲ್ಲಿಸಿ.

ಎಂಜಿನ್ ಓಡುವಾಗ ಬ್ಯಾಟರಿ ಕೇಬಲ್ ಬಿಚ್ಚಿ "ಚಾರ್ಜ್ ಆಗುತ್ತಿದೆಯಾ" ಅಂತ ನೋಡುವ ಹಳೆ ಚಾಳಿ ಬಿಡಿ. ಡೈನಮೋಗೆ ನಡೆಯುತ್ತಿತ್ತೇನೋ, ಆಲ್ಟರ್ನೇಟರ್ ಉಳಿಯುವುದಿಲ್ಲ. ನೇಗಿಲು, ಟ್ರೇಲರ್ ಏನಾದರೂ ಗಾಡಿಗೆ ಕಟ್ಟಿದ ಹಾಗೇ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯನ್ನೂ ಆಲ್ಟರ್ನೇಟರ್ ವೈರುಗಳನ್ನೂ ಬಿಚ್ಚಿ. ಚಳಿಗಾಲದ ಬೆಳಿಗ್ಗೆ ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಕೊಟ್ಟು ಎಬ್ಬಿಸುವ ಪದ್ಧತಿಯೂ ನಮ್ಮ ಕಡೆ ಉಂಟಲ್ವಾ, ಅದನ್ನಂತೂ ಈ ಗಾಡಿಗೆ ಮಾಡಬೇಡಿ.

ಕೊನೆಗೆ ಬಾನೆಟ್ ಒಳಗೆ, ಬ್ಯಾಟರಿ ಮೇಲೆಯೇ ಕಾಣುವಂತೆ, "12 ವೋಲ್ಟ್, ಮೈನಸ್ ಅರ್ತ್" ಅಂತ ಬಿಳಿ ಬಣ್ಣದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ನಾನು ಬರೆದ ಎರಡೇ ವಾರಕ್ಕೆ ಕಾಕಾ ಬ್ಯಾಟರಿ ಚಾರ್ಜಿಗೆ ಒಯ್ದು ತಂದು, ಮೊದಲಿನ ರೂಢಿಯಂತೆ ಪ್ಲಸ್ ಕಂಬವನ್ನು ಬಾಡಿ ಕೇಬಲ್ ಕಡೆ ತಿರುಗಿಸಿ ಇಟ್ಟಿದ್ದರು. ಪಾನಾ ಕೈಗೆತ್ತಿಕೊಂಡಾಗ ಬರಹ ಕಣ್ಣಿಗೆ ಬಿತ್ತಂತೆ. ಬ್ಯಾಟರಿಯನ್ನು ತಿರುಗಿಸಿಟ್ಟು, ಏನೂ ಮಾತಾಡದೆ ಚಹಾ ಕುಡಿಯಲು ಹೋದರು.